‘ಪಾರಾ’ ಪ್ರಸಂಗ

ಒಂದು ಭಾಷೆ ಚೆನ್ನಾಗಿ ಬರುವವರಿಂದ ಅಪಾಯವಿಲ್ಲ, ಏನೂ ಬಾರದವರಿಂದಲೂ ಇಲ್ಲ. ಹೆದರಬೇಕಾದದ್ದು ಇವೆರಡರ ನಡುವೆ ಸಿಕ್ಕಿಕೊಂಡವರಿಗೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಸ್ಪ್ಯಾನಿಷ್‌ನಲ್ಲಿ ಹಾಗೆ ಸಿಕ್ಕಿಕೊಂಡಿದ್ದೆ. ಯಶವಂತಪುರದ ನಮ್ಮ ಕಾರ್ಖಾನೆ ಸ್ಪೇನಿನಿಂದ ಒಂದು ಯಂತ್ರ ತರಿಸಿತು. ಅದನ್ನು ಕೂರಿಸಲು ಬರುವ ಇಂಜಿನಿಯರಿಗೆ ಇಂಗ್ಲಿಷ್ ಬಾರದಂತೆ. ಬಿ.ಎ. ಓದಿದವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರ್.ಟಿ. ನಗರದ ಸಂಜೆ ತರಗತಿಗೆ ಅಟ್ಟಿದರು.

ಮೊದಲ ಪುಸ್ತಕ ಸಲೀಸಾಗಿ ಮುಗಿಯಿತು. ಕಾಟ ಶುರುವಾದದ್ದು ಎರಡನೆಯದರಲ್ಲಿ. ‘ಇರು’ ಎನ್ನಲು ಅವರಿಗೆ ಎರಡು ಕ್ರಿಯಾಪದ. ‘ನನಗೆ ಬೇಸರವಾಗಿದೆ’ ಎನ್ನಲು ಹೋಗಿ, ‘ನಾನು ಬೇಸರ ಹುಟ್ಟಿಸುವ ಮನುಷ್ಯ’ ಎಂದು ಅಷ್ಟರಲ್ಲಿ ಬಂದಿಳಿದಿದ್ದ ಆ ಇಂಜಿನಿಯರಿಗೆ ನಾನೇ ಹೇಳಿಕೊಂಡೆ. ಆತ ಸೌಜನ್ಯಕ್ಕೂ ಅಲ್ಲಗಳೆಯಲಿಲ್ಲ. ಅವರ ವ್ಯಾಕರಣದಲ್ಲಿ ಮೇಜು ಹೆಣ್ಣಂತೆ, ಹಗಲು ಗಂಡಂತೆ. ಇನ್ನು ‘ಗೋಸ್ಕರ’ ಎನ್ನಲು ಪೋರ್ ಮತ್ತು ಪಾರಾ ಎಂದು ಎರಡು ಪದ. ಯಾವುದು ಎಲ್ಲಿಗೆ ಎಂದು ಊಟದ ತಟ್ಟೆಯ ಮುಂದೆಯೂ ಗೊಣಗುತ್ತಿದ್ದೆ. “ನಮ್ಗೆ ಒಂದೇ ‘ಗೋಸ್ಕರ’ ಇದ್ರೂ ಸಂಸಾರ ನಡೀತಿಲ್ವೇನ್ರೀ?” ಎಂದಳು ಹೆಂಡತಿ. ಸ್ಟೋರ್ಸಿನ ಮುಖ್ಯಸ್ಥರಾದ ನಂಜುಂಡಯ್ಯನವರಂತೂ ದಿನಾ ಬೆಳಗ್ಗೆ, “ಏನಪ್ಪ ಸ್ಪೇನ್ ದೊರೆ, ಮೇಜಮ್ಮ ಚೆನ್ನಾಗಿದ್ದಾರಾ?” ಎಂದು ವಿಚಾರಿಸುತ್ತಿದ್ದರು.

ಅಂದು ಯಂತ್ರದ ಭಾರಿ ಪೆಟ್ಟಿಗೆಯನ್ನು ಕ್ರೇನ್ ಎತ್ತಿತ್ತು. ಪೆಟ್ಟಿಗೆಯ ಮೇಲಿನ ನಂಬರು ಓದಲು ನಂಜುಂಡಯ್ಯನವರು ಕತ್ತೆತ್ತಿಕೊಂಡು ಅದರ ಕೆಳಗೇ ಬಂದು ನಿಂತರು. ಕಟ್ಟಿದ್ದ ಉಕ್ಕಿನ ಹಗ್ಗ ಒಂದು ಕಡೆ ಜಾರಿತು. ಇಂಜಿನಿಯರ್ “ಪಾರಾ! ಪಾರಾ!” ಎಂದು ಕಿರುಚಿದ.

ಕ್ರೇನಿನವನು ನನ್ನ ಮುಖ ನೋಡಿದ. ನಾನು ಎರಡನೆಯ ಪುಸ್ತಕದ ವಿದ್ಯಾರ್ಥಿ. ‘ಗೋಸ್ಕರ, ಗೋಸ್ಕರ’ ಎನ್ನುತ್ತಿದ್ದಾನೆ, ನಾಮಪದ ಬರಲಿ ಎಂದು ಕಾದೆ. ಬರದಿದ್ದಾಗ, “ಯಾರಿಗೋಸ್ಕರ?” ಎಂದು ಶುದ್ಧ ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಆ ಪದಕ್ಕೆ ‘ನಿಲ್ಲಿಸು’ ಎಂಬ ಅರ್ಥವೂ ಇದೆಯೆಂದು ಹೊಳೆಯುವಷ್ಟರಲ್ಲಿ ಪೆಟ್ಟಿಗೆ ನೆಲಕ್ಕೆ ಬಿದ್ದು ಸಿಮೆಂಟು ಬಿರಿದಿತ್ತು.

ಧೂಳು ಇಳಿದಾಗ ನಂಜುಂಡಯ್ಯನವರು ಆಚೆ ಗೋಡೆಯ ಬಳಿ ಕೂತು ಪಂಚೆ ಕೊಡವುತ್ತಿದ್ದರು. ಓಡಿಹೋದೆ.

“ನಿಮಗೆ ಹೆಂಗ್ ಅರ್ಥ ಆಯ್ತು ಸಾರ್?”

“ಅರ್ಥ ಆಗೋಕೇನಯ್ಯ? ‘ಪಾರಾಗು’ ಅಂತ ಅಚ್ಚ ಕನ್ನಡದಲ್ಲಿ ಕೂಗ್ತಿದ್ನಲ್ಲ. ‘ಗು’ ಬರೋತನಕ ಅಲ್ಲೇ ನಿಂತಿರ್ಬೇಕಿತ್ತಾ?”

ಮಾರನೆಯ ದಿನ ಇಂಜಿನಿಯರ್ ನನ್ನನ್ನು ಕರೆದುಕೊಂಡೇ ಮ್ಯಾನೇಜರ ಕೋಣೆಗೆ ಹೋದ. ಇನ್ನು ಮುಂದೆ ದುಭಾಷಿಯಾಗಿ ಆ ಪಂಚೆಯವರನ್ನೇ ಕೊಡಬೇಕು, ಇಲ್ಲಿ ತನ್ನ ಭಾಷೆ ಬರುವುದು ಅವರೊಬ್ಬರಿಗೇ ಎಂದ. ಅಷ್ಟನ್ನೂ ನಾನು ಮ್ಯಾನೇಜರಿಗೆ ಕನ್ನಡದಲ್ಲಿ ಹೇಳಿದೆ. ಆ ಯಂತ್ರದ ಇಡೀ ಕೆಲಸದಲ್ಲಿ ನಾನು ಒಂದೂ ತಪ್ಪಿಲ್ಲದೆ ಮಾಡಿದ ಅನುವಾದ ಅದೊಂದೇ.