ಸಿಕ್ಕ ಫೋನಿಗೆ ಹೊಸ ಗಾಜು

ಎಲ್ಲಕ್ಕೂ ಕಾರಣ ಒಂದು ಸೀನು. ಬೆಳಗ್ಗೆ ಬಸ್ ನಿಲ್ದಾಣದ ‘ಕಳೆದುಹೋದ ವಸ್ತುಗಳ ವಿಭಾಗ’ದ ಬಾಗಿಲು ತೆಗೆದು, ಕುರ್ಚಿಯ ಧೂಳು ಕೊಡವಿ, ಜೋಪಾನಯ್ಯ ಆಗಷ್ಟೇ ಕೂತಿದ್ದ. ಹಿಂದಿನ ದಿನ ಕೊನೆಯ ಬಸ್ಸಿನ ಕಂಡಕ್ಟರ್ ಒಪ್ಪಿಸಿ ಹೋಗಿದ್ದ ಪುಟ್ಟ ಬಟ್ಟೆ ಚೀಲವೊಂದು ಮೇಜಿನ ಮೇಲಿತ್ತು. ಒಳಗೇನಿದೆ ನೋಡೋಣವೆಂದು ಕೈಗೆತ್ತಿಕೊಂಡನೋ ಇಲ್ಲವೋ, ಕೊಡವಿದ ಧೂಳೆಲ್ಲ ಮೂಗಿಗೇ ಹೊಕ್ಕು, ಆ... ಆಕ್ಷೀ! ಮನುಷ್ಯ ಇತ್ತ ಹಾರಿದ, ಚೀಲ ಅತ್ತ ಹಾರಿತು. ಕಲ್ಲು ಹಾಸಿನ ಮೇಲೆ ಟಪ್ಪೆಂದು ಸದ್ದಾಯಿತು.

ಚೀಲದ ದಾರ ಬಿಚ್ಚಿ ನೋಡುತ್ತಾನೆ, ಒಳಗೆ ಫೋನು! ಅದರ ಗಾಜು ಈ ಮೂಲೆಯಿಂದ ಆ ಮೂಲೆಯವರೆಗೆ ಸೀಳಿ, ಮಧ್ಯದಲ್ಲಿ ಜೇಡರ ಬಲೆಯಂತೆ ಕವಲೊಡೆದಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಜೋಪಾನಯ್ಯನಿಗೆ ಬೇರೆಲ್ಲೂ ಉಳಿದಿರಲಿಲ್ಲ. ಕಳೆದುಕೊಂಡ ಕೊಡೆ ಕೇಳಲು ಬಂದವರಿಗೆಲ್ಲ, “ವಸ್ತು ಅಂದ್ರೆ ಜೋಪಾನ ಇರ್ಬೇಕು ಕಣ್ರೀ! ಕಣ್ಣು ಎಲ್ಲಿಟ್ಕೊಂಡಿದ್ರಿ?” ಎಂದು ಭಾಷಣ ಬಿಗಿದೇ ಕೊಡೆ ಕೊಡುತ್ತಿದ್ದ. ಮನೆಯಲ್ಲಿ ಒಂದು ಲೋಟ ಒಡೆದರೆ ಹೆಂಡತಿಗೆ ವಾರಗಟ್ಟಲೆ ಅದೇ ಭಾಷಣ. ಇಂಥವನ ಕೈಯಿಂದಲೇ ಹೋದ ತಿಂಗಳು ಯಾರದೋ ಗಡಿಯಾರ ಜಾರಿ ಬಿದ್ದು ನಿಂತುಹೋಗಿತ್ತು. ಆಗ ನಿಲ್ದಾಣದ ಸಾಹೇಬರು ಕೋಣೆಗೆ ಕರೆಸಿ, “ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಬಸ್ ತೊಳೆಯೋ ಶೆಡ್ಡಿಗೆ ಹಾಕ್ತೀನಿ. ಅಲ್ಲಿ ಎಷ್ಟು ಬೇಕಾದ್ರೂ ಕೈ ಜಾರಲಿ,” ಎಂದಿದ್ದರು.

“ಅಯ್ಯೋ ದೇವರೇ, ಮುಗೀತು ನನ್ನ ಕತೆ,” ಎಂದು ಅವನು ತಲೆಗೆ ಕೈಹೊತ್ತು ಕೂತ.

ಆಗಲೇ ಜೇಬಿನಲ್ಲಿದ್ದ ಅವನ ಸ್ವಂತ ಫೋನು ಕಿರುಗುಟ್ಟಿತು. ಹೆಂಡತಿ.

“ರೀ, ವಾಷಿಂಗ್ ಮೆಷಿನ್ ದುಡ್ಡು ಕಟ್ಟಿದ್ರಾ? ಬಚ್ಚಲಲ್ಲಿ ಜಾಗ ಮಾಡಿ, ಉಜ್ಜಿ ತೊಳೆದಿಟ್ಟಿದ್ದೀನಿ.”

“ಅಂಗಡಿ ಬಾಗಿಲು ತೆಗೀಲಿ ಮಾರಾಯ್ತಿ! ಸಂಜೆ ಮನೆಗೆ ಬರೋವಾಗ ಕಟ್ತೀನಿ.”

“ಮರೀಬೇಡಿ. ಈ ಮಣಿಕಟ್ಟು ನೋವಲ್ಲಿ ಇನ್ನೊಂದು ಬೆಡ್‌ಶೀಟೂ ನಂಗೆ ಹಿಂಡೋಕಾಗಲ್ಲ.”

ಜೋಪಾನಯ್ಯ ಅಂಗಿಯ ಒಳಜೇಬು ಮುಟ್ಟಿ ನೋಡಿಕೊಂಡ. ಹನ್ನೆರಡು ಸಾವಿರದ ಲಕೋಟೆ ಬೆಚ್ಚಗೆ ಕೂತಿತ್ತು. ಅವಳು ಮನೆಖರ್ಚಿನಲ್ಲಿ ಉಳಿಸಿ ಉಳಿಸಿ ಕೂಡಿಟ್ಟ ದುಡ್ಡು ಅದು.

ಒಡೆದ ಫೋನು ಮುಚ್ಚಿಡಬೇಕು ಎನ್ನುವಷ್ಟರಲ್ಲಿ ಪಕ್ಕದ ಕಿಟಕಿಯಿಂದ ಪಾಸಕ್ಕ ಇಣುಕಿದಳು. ತಿಂಗಳ ಪಾಸು ಕೊಡುವುದು ಅವಳ ಕೆಲಸ, ಉಳಿದವರ ಕಷ್ಟದಲ್ಲಿ ಮೂಗು ತೂರಿಸುವುದು ಹವ್ಯಾಸ.

“ಅಯ್ಯಯ್ಯೋ! ಒಡೆದುಹಾಕಿದ್ರಾ?”

“ಶ್! ಮೆತ್ತಗೆ ಮಾತಾಡಕ್ಕಾ.”

“ಇಷ್ಟಕ್ಕೆ ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀರಿ? ಹಲ್ಲುಜ್ಜೋ ಪೇಸ್ಟ್ ಹಚ್ಚಿ ಉಜ್ಜಿ, ಗೀರೆಲ್ಲ ಮಾಯ. ನಮ್ಮ ನಾದಿನಿ ಹಾಗೇ ಮಾಡಿದ್ಲು.”

ಕಳೆದುಹೋದ ವಸ್ತುಗಳ ಕಪಾಟಿನಲ್ಲಿ ಏನಿಲ್ಲ? ಯಾರೋ ಮರೆತ ಪ್ರಯಾಣದ ಚೀಲದಲ್ಲಿ ಪೇಸ್ಟೂ ಸಿಕ್ಕಿತು. ಪಾಸಕ್ಕ ಧಾರಾಳವಾಗಿ ಹಿಂಡಿದಳು, ಜೋಪಾನಯ್ಯ ಗಸಗಸನೆ ಉಜ್ಜಿದ. ಗೀರು ಹೋಗಲಿಲ್ಲ. ಪೇಸ್ಟು ಮಾತ್ರ ಗೀರಿನೊಳಗೆ ಸಲೀಸಾಗಿ ಇಳಿದುಹೋಯಿತು. ಪರದೆಯ ಅರ್ಧಭಾಗ ಹಸಿರು ಹಸಿರಾಗಿ ಮಿನುಗತೊಡಗಿತು.

“ಇದೇನಕ್ಕಾ, ಹಸಿರಾಯ್ತು!”

“ನಮ್ಮ ನಾದಿನಿದೂ ಹಾಗೇ ಆಯ್ತು,” ಎಂದಳು ಪಾಸಕ್ಕ. “ಆಮೇಲೆ ಅವಳು ಹೊಸ ಫೋನ್ ತಗೊಂಡ್ಲು.”

ಅಷ್ಟರಲ್ಲಿ ಬಸ್ಸುಗಳ ಹೊತ್ತು ಕೂಗುವ ಮೈಕಣ್ಣ ಟೀ ಲೋಟ ಹಿಡಿದುಕೊಂಡೇ ಬಂದ. ಮೈಕಿಲ್ಲದೆಯೂ ಅವನ ಮಾತು ಆಚೆ ಬೀದಿಗೆ ಕೇಳುತ್ತಿತ್ತು.

“ಒಳಗೆ ತೇವ ಹೋಗಿದೆ! ಒಣಗಿಸ್ಬೇಕು! ಬಿಸಿ ಗಾಳಿ ಕೊಟ್ರೆ ಗಾಜು ಕೂಡ ಕರಗಿ ಕೂಡ್ಕೊಳ್ಳುತ್ತೆ!”

ಅದೇ ಕಪಾಟಿನಿಂದ ಕೂದಲು ಒಣಗಿಸುವ ಯಂತ್ರ ಹೊರಬಂತು. ಬಿಸಿಗಾಳಿ ತಗುಲಿದ ಒಂದು ನಿಮಿಷಕ್ಕೆ ಫೋನು ದಿಢೀರನೆ ರಿಂಗಾಯಿತು. ಮೂವರೂ ಹಾವು ಕಂಡವರಂತೆ ಹಿಂದಕ್ಕೆ ಹಾರಿದರು. ಜೋಪಾನಯ್ಯ ಬೆರಳಿನಿಂದ ಹಸಿರು ಪರದೆಯನ್ನು ಅಲ್ಲಿ ಇಲ್ಲಿ ತಿವಿದಾಗ ಹೇಗೋ ಮಾತು ಕೇಳಿಸಿತು.

“ಹಲೋ! ನನ್ನ ಫೋನು ಯಾರ ಹತ್ರ ಇದೆ? ನಾನು ಹೊಲಿಗೆ ಕ್ಲಾಸಿನ ಟೀಚರು ಮಾತಾಡ್ತಿರೋದು.”

“ಬಸ್ ಸ್ಟ್ಯಾಂಡಲ್ಲಿದೆಯಮ್ಮ. ಬಂದು ಗುರುತು ಹೇಳಿ ತಗೊಂಡು ಹೋಗ್ಬೇಕು. ಗುರುತು ಹೇಳದೆ ಕೊಡೋ ಹಾಗಿಲ್ಲ,” ಎಂದು ಅವನ ಬಾಯಿ ಅಭ್ಯಾಸಬಲದಿಂದ ನುಡಿದುಬಿಟ್ಟಿತು.

“ಕಣ್ಮುಚ್ಚಿಕೊಂಡು ಹೇಳ್ತೀನಿ, ಬಿಡಿ. ಕ್ಲಾಸು ಮುಗಿಸಿ ನಾಲ್ಕು ಗಂಟೆಗೆ ಬರ್ತೀನಿ.”

ಮಾತು ಮುಗಿಯಿತು, ಪರದೆ ಒಮ್ಮೆ ಮಿನುಗಿ ಪೂರ್ತಿ ಕಪ್ಪಾಯಿತು. ಮೈಕಣ್ಣ, “ಐದನೇ ಪ್ಲಾಟ್‌ಫಾರ್ಮಿಗೆ ಬಸ್ ಬಂತು, ಕೂಗ್ಬೇಕು,” ಎಂದು ಜಾರಿಕೊಂಡ. ಪಾಸಕ್ಕ ತನ್ನ ಕಿಟಕಿ ಮುಚ್ಚಿಕೊಂಡಳು.

ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋನ್ ರಿಪೇರಿ ಅಂಗಡಿಯಿತ್ತು. ಜೋಪಾನಯ್ಯ ಊಟದ ಹೊತ್ತಿನಲ್ಲಿ ಡಬ್ಬಿಯನ್ನೂ ಬಿಚ್ಚದೆ ಅಲ್ಲಿಗೆ ಓಡಿದ. ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನನ್ನು ತಿರುಗಿಸಿ ನೋಡಿ, ಮೂಸಿಯೂ ನೋಡಿದ.

“ಪುದೀನ ವಾಸನೆ ಬರ್ತಿದೆಯಲ್ಲ ಸಾರ್?”

“ಅದು... ಇರ್ಲಿ ಬಿಡಪ್ಪ. ಎಷ್ಟಾಗುತ್ತೆ ಹೇಳು.”

“ಬರೀ ಗಾಜು ಹೋಗಿದ್ರೆ ಕಮ್ಮೀಲಿ ಆಗ್ತಿತ್ತು. ಒಳಗಿನ ಡಿಸ್‌ಪ್ಲೇನೇ ಸತ್ತಿದೆ. ಹನ್ನೊಂದು.”

“ಹನ್ನೊಂದು ನೂರಾ? ಅಯ್ಯಪ್ಪ, ದುಬಾರಿ ಆಯ್ತು.”

“ಸಾವಿರ ಸಾರ್.”

ಜೋಪಾನಯ್ಯ ಅಂಗಡಿಯ ಕಟ್ಟೆಗೆ ಹಾಗೇ ವಾಲಿಕೊಂಡ. ರಿಪೇರಿಯವನು ತಲೆಯೆತ್ತದೆಯೇ ಕಾಲಿನಿಂದ ಒಂದು ಸ್ಟೂಲು ತಳ್ಳಿ, ನೀರಿನ ಬಾಟಲಿ ಮುಂದಿಟ್ಟ.

“ಕೂತ್ಕೊಳ್ಳಿ ಸಾರ್. ರೇಟು ಕೇಳಿದ ಮೇಲೆ ಎಲ್ರಿಗೂ ಹೀಗೇ ಆಗುತ್ತೆ. ಅದಕ್ಕೇ ಸ್ಟೂಲ್ ಇಟ್ಟಿರೋದು.”

ನೀರು ಕುಡಿದ ಮೇಲೆ ಜೋಪಾನಯ್ಯನಿಗೆ ಉಸಿರು ಬಂತು. “ಅಲ್ಲಯ್ಯಾ, ಇಡೀ ಫೋನು ಹೊಸದು ತಗೊಂಡ್ರೆ ಎಷ್ಟು?”

“ಹನ್ನೆರಡು ಸಾವಿರ.”

“ಅಂದ್ರೆ ಗಾಜಿಗೇ ಹನ್ನೊಂದು, ಉಳಿದಿದ್ದಕ್ಕೆಲ್ಲ ಒಂದಾ? ಇದ್ಯಾವ ಸೀಮೆ ನ್ಯಾಯ?”

“ನೀವು ಹಾಗೆ ಯೋಚನೆ ಮಾಡ್ಬೇಡಿ ಸಾರ್. ಗಾಜು ತಗೊಂಡ್ರೆ ಫೋನು ಹೆಚ್ಚೂಕಮ್ಮಿ ಪುಕ್ಕಟೆ ಅಂದ್ಕೊಳ್ಳಿ. ಹೊಸದು ಕೊಡಿಸ್ಬಹುದು, ಆದ್ರೆ ಇದರೊಳಗಿರೋ ಫೋಟೋ, ನಂಬರು ಎಲ್ಲಾ? ಯಾರದು ಇದು?”

ಯಾರದು ಎನ್ನುವುದೇ ಸಂಕಟ. ಜೋಪಾನಯ್ಯನ ಕಣ್ಣಮುಂದೆ ಬಸ್ ತೊಳೆಯುವ ಶೆಡ್ಡು ಬಂತು, ಅದರ ಹಿಂದೆಯೇ ಉಜ್ಜಿ ತೊಳೆದ ಬಚ್ಚಲು ಬಂತು. ಶೆಡ್ಡಿನಲ್ಲೂ ಕೈ ಜಾರಿ ಕೆಲಸವೇ ಹೋದರೆ ಮೆಷಿನ್ನೂ ಇಲ್ಲ, ಬಚ್ಚಲೂ ಇಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಲಕೋಟೆ ಬಿಚ್ಚಿದ. ನೋಟು ಎಣಿಸುವಾಗ ಯಾರೋ ತನ್ನ ಹಲ್ಲನ್ನೇ ಒಂದೊಂದಾಗಿ ಕೀಳುತ್ತಿರುವಂತೆ ಮುಖ ಕಿವುಚುತ್ತಿದ್ದ.

ನಾಲ್ಕು ಗಂಟೆಗೆ ಸರಿಯಾಗಿ ಹೊಲಿಗೆ ಟೀಚರು ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಜೋಪಾನಯ್ಯ ಚೀಲವನ್ನು ಮುಂದಿಟ್ಟು, ಗಂಟಲು ಸರಿಮಾಡಿಕೊಂಡ.

“ಚೀಲ ನಂದೇ. ನಾನೇ ಹೊಲಿದದ್ದು,” ಎನ್ನುತ್ತ ಟೀಚರು ದಾರ ಎಳೆದು ಫೋನು ಹೊರತೆಗೆದರು. ನೋಡಿದರು. ತಿರುಗಿಸಿ ನೋಡಿದರು. ಅವರ ಹುಬ್ಬು ಮೇಲೇರಿತು.

“ಇದು ನನ್ನ ಫೋನಲ್ಲ.”

“ಆಂ?”

“ನನ್ನದರ ಗಾಜು ಒಡೆದಿತ್ತು. ಈ ಮೂಲೆಯಿಂದ ಆ ಮೂಲೆಗೆ ಸೀಳು, ಮಧ್ಯ ಜೇಡರ ಬಲೆ. ಅದೇ ಅದರ ಗುರುತು! ಇಸ್ತ್ರಿ ಪೆಟ್ಟಿಗೆ ಬಿದ್ದು ಒಡೆದು ಎರಡು ವರ್ಷ ಆಯ್ತು. ಇನ್ನಷ್ಟು ಏಟಾಗದಿರಲಿ ಅಂತಲೇ ಹತ್ತಿ ತುಂಬಿ ಈ ಚೀಲ ಹೊಲಿದಿದ್ದು.”

ಜೋಪಾನಯ್ಯ ಕುರ್ಚಿಯ ತೋಳು ಹಿಡಿದುಕೊಂಡ. “ಎರಡು... ಎರಡು ವರ್ಷದಿಂದಾನಾ?” ಎಂದು ಕೇಳುವಾಗ ಅವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಹತ್ತಿ ತುಂಬಿದ ಚೀಲ ಆಳೆತ್ತರದಿಂದ ಬಿದ್ದರೂ ಒಳಗಿನದಕ್ಕೆ ಏನಾದೀತು? ಹನ್ನೊಂದು ಸಾವಿರ! ಯಾರದೋ ಇಸ್ತ್ರಿ ಪೆಟ್ಟಿಗೆ ಮಾಡಿದ ಪಾಪಕ್ಕೆ ತನ್ನ ಮನೆಯ ಮೆಷಿನ್ ದುಡ್ಡು!

ಟೀಚರ ದನಿ ಮಾತ್ರ ಏರುತ್ತಲೇ ಇತ್ತು. “ನನ್ನ ಫೋನು ಬದಲಾಯಿಸಿ, ಯಾವುದೋ ಕದ್ದ ಫೋನು ನನ್ನ ತಲೆಗೆ ಕಟ್ತೀರಾ? ಅದರೊಳಗೆ ನನ್ನ ಮೊಮ್ಮಗಳ ಫೋಟೋ ಎಲ್ಲಾ ಇತ್ತು! ಕರೀರಿ ನಿಮ್ಮ ಮೇಲಿನವರನ್ನ!”

ಕರೆಯುವ ಅಗತ್ಯವೇ ಬೀಳಲಿಲ್ಲ. ಬಸ್ಸಿಗೆ ಕಾದಿದ್ದವರೆಲ್ಲ ಕಿಟಕಿಗೆ ಮುತ್ತಿಕೊಂಡರು, ಪಾಸಕ್ಕ ಕಿಟಕಿ ತೆರೆದಳು, ಜನರನ್ನು ಸೀಳಿಕೊಂಡು ಸಾಹೇಬರೂ ಬಂದರು. ವಿಷಯ ಕೇಳಿ, ಟೀಚರ ನಂಬರಿಗೆ ತಾವೇ ಫೋನು ಮಾಡಿದರು. ಮೇಜಿನ ಮೇಲಿದ್ದದ್ದು ರಿಂಗಾಯಿತು. ಟೀಚರು ಪರದೆಯ ಮೇಲೆ ಬೀಗ ತೆರೆಯುವ ಗೆರೆ ಎಳೆದರು. ಮೊಮ್ಮಗಳು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತ ಕಾಣಿಸಿಕೊಂಡಳು.

“ಅಯ್ಯೋ, ನಂದೇ! ಹೊಸದರ ಹಾಗಿದೆಯಲ್ಲಾ!” ಎಂದು ಟೀಚರು ಹೌಹಾರಿದರು.

ಸಾಹೇಬರು ಜೋಪಾನಯ್ಯನ ಕಡೆ ತಿರುಗಿದರು. “ಯಾರ್ರೀ ಇದನ್ನ ರಿಪೇರಿ ಮಾಡಿಸಿದ್ದು? ಯಾಕೆ?”

ಬೀಳಿಸಿದೆ ಎಂದರೆ ಶೆಡ್ಡು. ಪೇಸ್ಟು, ಬಿಸಿಗಾಳಿ ಎಂದರೆ ಶೆಡ್ಡಿಗಿಂತಲೂ ಆಚೆ. ಜೋಪಾನಯ್ಯ ಬಾಯಿಗೆ ಬಂದದ್ದನ್ನು ಉಸುರಿಬಿಟ್ಟ:

“ಅದು... ನಮ್ಮ ವಿಭಾಗದ ಕಡೆಯಿಂದ ಸಾರ್. ಪ್ರಯಾಣಿಕರಿಗೆ ಒಂದು... ಸೇವೆ ಅಂತ.”

ಮರುಕ್ಷಣ ಚಪ್ಪಾಳೆಯೋ ಚಪ್ಪಾಳೆ. ಟೀಚರು ಕಣ್ಣೊರೆಸಿಕೊಂಡು ಕೈಮುಗಿದರು. ನಾಲ್ಕಾರು ಜನ ಫೋನೆತ್ತಿ ವಿಡಿಯೊ ಮಾಡತೊಡಗಿದ್ದನ್ನು ನೋಡಿ ಸಾಹೇಬರು ಅಂಗಿ ಸರಿಪಡಿಸಿಕೊಂಡು ಮುಂದೆ ಬಂದು ನಿಂತರು.

“ಇದು ನನ್ನ ಬಹುದಿನದ ಯೋಜನೆ. ನಮ್ಮ ಬಸ್ಸಲ್ಲಿ ಕಳೆದುಹೋಗಿ, ಕಂಡಕ್ಟರ್ ಕೈಗೆ ಸಿಕ್ಕ ಫೋನು ಒಡೆದಿದ್ರೆ, ಪುಕ್ಕಟೆಯಾಗಿ ರಿಪೇರಿ ಮಾಡಿಸೇ ವಾಪಸ್ ಕೊಡ್ತೀವಿ!”

ಮೈಕಣ್ಣ ಅಷ್ಟಕ್ಕೇ ಕಾದಿದ್ದವನಂತೆ ಓಡಿದ. ಅರ್ಧ ಗಂಟೆಯವರೆಗೆ ನಿಲ್ದಾಣದ ಮೂಲೆ ಮೂಲೆಯಲ್ಲೂ ಬಸ್ಸಿನ ಹೊತ್ತಿನ ಬದಲು ಬರೀ ಅದೇ ಸುದ್ದಿ.

ಜನ ಚದುರಿದ ಮೇಲೆ ಸಾಹೇಬರು ಮೆಲ್ಲಗೆ ಕೇಳಿದರು, “ಅದ್ಸರಿ, ದುಡ್ಡು ಎಲ್ಲಿಂದ ತಂದ್ರಿ?”

“ಹೇಗೋ... ಹೊಂದಿಸಿದೆ ಸಾರ್.”

“ಭೇಷ್! ಹಾಗೇ ಹೊಂದಿಸ್ತಾ ಇರಿ. ಸೇವೆ ನಿಲ್ಲಬಾರದು. ನಿಂತ್ರೆ ನಿಮ್ಮನ್ನೇ ಕೇಳ್ತೀನಿ,” ಎಂದು ಬೆನ್ನು ತಟ್ಟಿ ಹೊರಟುಹೋದರು. ಜೋಪಾನಯ್ಯ ಇಂಗು ತಿಂದ ಮಂಗನಂತೆ ಅವರು ಹೋದ ದಾರಿಯನ್ನೇ ನೋಡುತ್ತ ನಿಂತ.

ಸಂಜೆಯ ಬಸ್ಸುಗಳು ಬರತೊಡಗಿದವು. ಮೊದಲ ಕಂಡಕ್ಟರ್ ಮೂರು ಫೋನು ತಂದಿಟ್ಟ. ಮೂರರದ್ದೂ ಗಾಜು ಚೂರು ಚೂರು. ಎರಡನೆಯವನು ಟೋಪಿ ತುಂಬ ತಂದ. “ಹಿಂದಿನ ಸೀಟಲ್ಲಿ ಸಾಲಾಗಿ ಜೋಡಿಸಿಟ್ಟು ಇಳಿದು ಹೋಗಿದ್ದಾರೆ ಸಾರ್. ಇವತ್ತು ಜನಕ್ಕೆ ಅದೆಷ್ಟು ಮರೆವೋ ಏನೋ!” ಒಂದು ಫೋನಿಗೆ ‘ಹಾಗೇ ಬ್ಯಾಟರಿಯನ್ನೂ ನೋಡಿ’ ಎಂದು ಚೀಟಿ ಅಂಟಿಸಿತ್ತು. ಪಾಸಕ್ಕ ಕಿಟಕಿಯಿಂದ ಕೈಚಾಚಿ, “ನಮ್ಮ ನಾದಿನೀದೂ ಬಸ್ಸಲ್ಲೇ ಸಿಕ್ತು ಅಂತ ಬರ್ಕೊಳ್ಳಿ,” ಎಂದು ಒಂದನ್ನು ರಾಶಿಗೆ ಸೇರಿಸಿದಳು.

ಮೇಜಿನ ಮೇಲೆ ಫೋನಿನ ಗುಡ್ಡ ಬೆಳೆಯಿತು. ಒಂದೊಂದಕ್ಕೆ ಹನ್ನೊಂದೊಂದು ಸಾವಿರ ಎಂದು ಲೆಕ್ಕ ಹಾಕಲು ಹೋಗಿ ಜೋಪಾನಯ್ಯನಿಗೆ ಕಣ್ಣು ಕತ್ತಲೆಗಟ್ಟಿತು. ಇಡೀ ಜನ್ಮದ ಸಂಬಳ ಸುರಿದರೂ ತೀರುವ ಮಾತಲ್ಲ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೆಂಡತಿಗಾದರೂ ನಿಜ ಹೇಳಿಬಿಡೋಣ, ಮೆಷಿನ್ ಇವತ್ತು ಬರುವುದಿಲ್ಲ ಎನ್ನೋಣ, ಬೈದರೆ ಬೈಸಿಕೊಳ್ಳೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡ. ಆಗಷ್ಟೇ ಬಂದ ಕಂಡಕ್ಟರ್ ಇನ್ನೆರಡು ಫೋನು ಗುಡ್ಡದ ಮೇಲಿಡುತ್ತಿದ್ದಂತೆ, ಜೋಪಾನಯ್ಯ ತನ್ನ ಫೋನು ತೆಗೆದು ಹೆಂಡತಿಗೆ ಹಚ್ಚಿದ.

ಗುಡ್ಡದ ತುದಿಯಲ್ಲೊಂದು ಫೋನು ರಿಂಗಾಯಿತು.

ಜೋಪಾನಯ್ಯ ತನ್ನ ಕರೆ ಕತ್ತರಿಸಿದ. ಅದೂ ನಿಂತಿತು. ಮತ್ತೆ ಹಚ್ಚಿದ. ಅದೂ ಮತ್ತೆ ಹಾಡಿತು. ಬಾಗಿ ನೋಡಿದರೆ, ನುಚ್ಚುನೂರಾದ ಗಾಜಿನ ಹಿಂದೆ ‘ನಮ್ಮನೆಯವರು’ ಎಂಬ ಹೆಸರೂ ಅವನದೇ ಮುಖವೂ ಎಂಟು ತುಂಡಾಗಿ ಮಿನುಗುತ್ತಿದ್ದವು.

“ಇದು... ಇದು ಎಲ್ಲಿ ಸಿಕ್ಕಿತಯ್ಯಾ?”

“ಅದಾ ಸಾರ್? ಒಬ್ರು ಅಮ್ಮ ನನ್ನ ಕೈಗೇ ಕೊಟ್ರು. ಒಡೆದು ನಾಲ್ಕು ತಿಂಗಳಾಯ್ತಂತೆ. ಹೇಳಿದ್ರೆ ಮನೇಲಿ ವಾರಗಟ್ಟಲೆ ಭಾಷಣ ಕೇಳ್ಬೇಕಲ್ಲ ಅಂತ ಮುಚ್ಚಿಟ್ಟಿದ್ರಂತೆ. ಈಗ ವಿಡಿಯೊ ನೋಡಿ ಧೈರ್ಯ ಬಂತಂತೆ.” ಕಂಡಕ್ಟರ್ ಚೀಲ ಹೆಗಲಿಗೇರಿಸಿಕೊಂಡು, ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ. “ಹಾಂ, ಕಿಟಕೀಲಿ ಕೂತಿರೋರಿಗೆ ಹೇಳು ಅಂದ್ರು. ದುಡ್ಡು ಹೇಗೂ ಬಸ್ ಕಂಪನೀದು, ಅಗ್ಗದ ಗಾಜು ಬೇಡ, ಇರೋದ್ರಲ್ಲೆಲ್ಲ ದುಬಾರಿದೇ ಹಾಕಿಸಿ ಅಂತೆ.”