ಅಧೀಕ್ಷಕರ ಡಿ ಡ್ರೈವ್

ನಮ್ಮ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಹೊಸ ಲ್ಯಾಪ್‌ಟಾಪ್ ಮಂಜೂರಾಗಿ ಬಂದಿತೆಂದೂ, ಅದರೊಳಗಿನ ಜಾಗವನ್ನು ಹುದ್ದೆಗೆ ಅನುಗುಣವಾಗಿ ಹಂಚಲಾಯಿತೆಂದೂ ಮೊದಲಿಗೆ ದಾಖಲಿಸಬೇಕು. ಮೇಜಿನ ಅಗಲ, ಕುರ್ಚಿಯ ಬೆನ್ನಿನ ಎತ್ತರ, ಫ್ಯಾನಿನ ಕೆಳಗೆ ಕೂರುವ ಹಕ್ಕು ಎಲ್ಲವೂ ನಮ್ಮಲ್ಲಿ ದರ್ಜೆಯ ಪ್ರಕಾರವೇ ಸಿಗುವುದರಿಂದ ಹಾರ್ಡ್ ಡಿಸ್ಕ್ ಮಾತ್ರ ಬೇರೆ ದಾರಿ ಹಿಡಿಯುವಂತಿರಲಿಲ್ಲ. ಮುಕ್ಕಾಲಿಗೂ ಹೆಚ್ಚು ಜಾಗ 'ಡಿ' ಎಂಬ ಹೆಸರಿನಲ್ಲಿ ಅಧೀಕ್ಷಕರಿಗೆ ಹೋಯಿತು. ಉಳಿದ 'ಸಿ' ಎಂಬ ಮೂಲೆಯಲ್ಲಿ ಲ್ಯಾಪ್‌ಟಾಪನ್ನು ನಡೆಸುವ ತಂತ್ರಾಂಶವೂ ಎಕ್ಸ್‌ರೇ ತೆಗೆಯುವಾಕೆಯ ಚಿತ್ರಗಳೂ ಹೊಂದಿಕೊಂಡು ಬಾಳಬೇಕಿತ್ತು.

ಅಧೀಕ್ಷಕರು ತಮ್ಮ ಡಿ ಒಳಗೆ ಏನನ್ನೂ ಇಟ್ಟಿರಲಿಲ್ಲ. ಲ್ಯಾಪ್‌ಟಾಪ್ ತೆರೆಯಲು ಅವರಿಗೆ ಬರುತ್ತಿರಲಿಲ್ಲ. ಡಿಗೆ ಪಾಸ್‌ವರ್ಡ್ ಹಾಕಲಾಗಿತ್ತು. ಅದು ಗೌಪ್ಯವಾದ್ದರಿಂದ ಅವರಿಗೂ ತಿಳಿಸಿರಲಿಲ್ಲ.

ಹೀಗಿರುವಾಗ ಬಸ್ ಚಾಲಕನೊಬ್ಬ ಬಲಗೈ ಮುರಿದುಕೊಂಡು ಬಂದ. ಕೈ ನೆಟ್ಟಗಾಗದಿದ್ದರೆ ಸ್ಟೇರಿಂಗ್ ಇಲ್ಲ, ಸ್ಟೇರಿಂಗ್ ಇಲ್ಲದಿದ್ದರೆ ಕೆಲಸ ಇಲ್ಲ. ಮೂಳೆ ಡಾಕ್ಟರು ಗುರುವಾರ ಮಾತ್ರ ಬರುವವರು, ಚಿತ್ರ ನೋಡದೆ ಕೈ ಮುಟ್ಟುವವರಲ್ಲ. ಫಿಲಂ ಮೇಲೆ ಚಿತ್ರ ಕೊಡುವುದನ್ನು ಲ್ಯಾಪ್‌ಟಾಪ್ ಬಂದ ಸಂತೋಷಕ್ಕೆ ನಿಲ್ಲಿಸಲಾಗಿತ್ತು. ಸೋಮವಾರ ತೆಗೆದ ಚಾಲಕನ ಕೈಯನ್ನು, ಯಾರದೋ ಸೊಂಟ ಬಂದಾಗ ಅಳಿಸಬೇಕಾಯಿತು. ಮತ್ತೆ ತೆಗೆದದ್ದನ್ನು ಗುರುವಾರ ಬೆಳಿಗ್ಗೆ ಒಂದು ಎದೆ ಹೊರದಬ್ಬಿತು.

"ಅಕ್ಕಾ, ನನ್ನ ಕೈ ಎಲ್ಲಿ ಹೋಯ್ತು?"

"ಜಾಗ ಇಲ್ಲ ಅಣ್ಣಾ. ನಿಮ್ಮ ಮೇಲೆ ಒಂದು ಎದೆ ಬಂತು."

"ಮೊಬೈಲಲ್ಲಾದ್ರೂ ಒಂದು ಫೋಟೋ ಹೊಡ್ಕೋತಿದ್ದೆ."

"ಆಸ್ಪತ್ರೆ ಆಸ್ತಿ ಹೊರಗೆ ಹೋಗೋ ಹಾಗಿಲ್ಲ."

"ಕೈ ನಂದಲ್ವಾ?"

"ಕೈ ನಿಮ್ದು. ಚಿತ್ರ ಆಸ್ಪತ್ರೇದು."

ಆಕೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನು ನೋಡಿ, "ಡಿ ಒಂಚೂರು ಕುಗ್ಗಿಸಿ ಸಿ ಹಿಗ್ಗಿಸಿದ್ರಾಯ್ತು. ನೀವು ಟೀ ಕುಡಿದು ಬರೋದ್ರೊಳಗೆ ಮುಗಿಯುತ್ತೆ," ಅಂದ. ಇಷ್ಟು ಬೇಗ ಮುಗಿಯುವ ಕೆಲಸ ಕಾನೂನುಬದ್ಧವಾಗಿರಲಾರದೆಂದು ಹೆಡ್ ಕ್ಲರ್ಕಿಗೆ ಅನುಮಾನ ಬಂದು, ವಿಷಯ ಅಧೀಕ್ಷಕರ ಮುಂದೆ ಹೋಯಿತು.

"ಕುಗ್ಗಿಸೋದು ಅಂದ್ರೆ ಯಾರನ್ನ?" ಅಂದರು ಅಧೀಕ್ಷಕರು.

"ನಿಮ್ಮನ್ನಲ್ಲ ಸಾರ್, ಡಿನ," ಅಂದಳು ಎಕ್ಸ್‌ರೇಯಾಕೆ.

"ಅದು ಯಾರ ಹೆಸರಲ್ಲಿದೆ?"

"ನಿಮ್ಮ ಹೆಸರಲ್ಲೇ. ಆದ್ರೆ ಖಾಲಿ ಬಿದ್ದಿದೆ ಸಾರ್."

"ಖಾಲಿ ಬಿದ್ದಿಲ್ಲಮ್ಮ. ಖಾಲಿ ಇಟ್ಟಿದೀನಿ."

"ಹಾಗಾದ್ರೆ ಚಿತ್ರಗಳನ್ನ ಅದ್ರೊಳಗೇ ಇಡ್ಲಾ?"

"ರೋಗಿಗಳನ್ನ ನನ್ನ ಕೋಣೇಲಿ ಮಲಗಿಸ್ತೀಯಾ?"

"ಇಲ್ಲ ಸಾರ್."

"ಮತ್ತೆ?"

ಹೆಡ್ ಕ್ಲರ್ಕ್ ನಿಯಮ ಓದಿ ಹೇಳಿದರು: ಅಧಿಕಾರಿಗೆ ಒಮ್ಮೆ ಹಂಚಿಕೆಯಾದ ಸ್ಥಳವನ್ನು, ಅವರು ಸೇವೆಯಲ್ಲಿರುವವರೆಗೆ, ಕೆಳದರ್ಜೆಯವರ ಅನುಕೂಲಕ್ಕಾಗಿ ಕಡಿಮೆ ಮಾಡತಕ್ಕದ್ದಲ್ಲ. ನಿಯಮ ಮಾಡಿದ್ದು ಸ್ನಾನದ ಮನೆಗಳ ಬಗ್ಗೆ. ಹಾರ್ಡ್ ಡಿಸ್ಕಿಗೆ ಅನ್ವಯಿಸುವುದಿಲ್ಲವೆಂದು ಎಲ್ಲಿಯೂ ಬರೆದಿರಲಿಲ್ಲ.

ಆದರೂ ಅನ್ಯಾಯವಾಗಬಾರದೆಂದು ಅಧೀಕ್ಷಕರು ಸಮಿತಿ ನೇಮಿಸಿದರು. ಸಮಿತಿ ಎಕ್ಸ್‌ರೇ ಕೋಣೆಗೆ ಭೇಟಿ ಕೊಟ್ಟು, ಲ್ಯಾಪ್‌ಟಾಪಿನ ಮುಚ್ಚಳ ತೆರೆದು, ಮುಚ್ಚಿ, ಎರಡೂ ಸಲ ತೃಪ್ತಿ ವ್ಯಕ್ತಪಡಿಸಿತು. ತೊಂದರೆ ಜಾಗದ್ದಲ್ಲ, ಮೂಳೆಗಳದ್ದು ಎಂದು ವರದಿ ಕೊಟ್ಟಿತು. ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು:

'ಸಾರ್ವಜನಿಕರು ಲಭ್ಯವಿರುವ ಜಾಗಕ್ಕೆ ಹೊಂದುವ ಮೂಳೆಗಳನ್ನು ಮಾತ್ರ ಮುರಿದುಕೊಂಡು ಬರತಕ್ಕದ್ದು. ಬೆರಳುಗಳಿಗೆ ಆದ್ಯತೆ. ತೊಡೆ ಮತ್ತು ಸೊಂಟದವರು ಬೀಳುವ ಮುನ್ನ ತಿಳಿಸುವುದು.'

ಜನ ಸಾಲಿನಲ್ಲಿ ನಿಂತು ಓದಿಕೊಂಡರು. ಒಬ್ಬ ಅಜ್ಜಿ ತನ್ನ ಸೊಸೆಗೆ, "ನೋಡು, ನಾನು ಬೆರಳೇ ಮುರ್ಕೊಂಡು ಬಂದಿದ್ದು," ಎಂದು ಹೆಮ್ಮೆಯಿಂದ ಹೇಳಿದಳು.

ವರ್ಷದ ಕೊನೆಗೆ ಅಧೀಕ್ಷಕರು ಮೇಲಕ್ಕೆ ಬರೆದರು: ಡಿಸ್ಕಿನ ಬಹುಭಾಗ ಖಾಲಿಯಿರುವುದು ಜನರ ಆರೋಗ್ಯ ಸುಧಾರಿಸಿರುವುದಕ್ಕೆ ಸಾಕ್ಷಿ. ಮೇಲಿನವರು ಮೆಚ್ಚಿ ಇನ್ನೊಂದು ಲ್ಯಾಪ್‌ಟಾಪ್ ಕಳಿಸಿದರು. ಅದರಲ್ಲಿ ತಂತ್ರಾಂಶಕ್ಕೆ ಬೇಕಾದಷ್ಟು ಬಿಟ್ಟರೆ ಉಳಿದದ್ದೆಲ್ಲ ಡಿ.

ಚಾಲಕನ ಕೈ ಅಷ್ಟರಲ್ಲಿ ಕಾಯ್ದು ಬೇಸತ್ತು, ತಾನಾಗಿಯೇ ಸೊಟ್ಟಗೆ ಕೂಡಿಕೊಂಡಿತ್ತು. ಕೆಲಸಕ್ಕೆ ಮರಳಲು ಅವನಿಗೆ ದೇಹದಾರ್ಢ್ಯದ ಪ್ರಮಾಣಪತ್ರ ಬೇಕಿತ್ತು. ಹೆಡ್ ಕ್ಲರ್ಕ್ ಲ್ಯಾಪ್‌ಟಾಪಿನಲ್ಲಿ ಹುಡುಕಿಸಿದರು. ಮುರಿದ ಕೈಯ ಚಿತ್ರ ಒಂದೂ ಸಿಗಲಿಲ್ಲ.

"ನಿನ್ನ ಕೈ ಮುರಿದೇ ಇಲ್ಲವಲ್ಲಪ್ಪ," ಅಂದರು.

"ಸ್ವಾಮಿ, ಬಲಕ್ಕೆ ತಿರುಗಿಸೋಕೇ ಬರಲ್ಲ."

"ಅದು ಸಾರಿಗೆ ಇಲಾಖೆಗೆ ಸಂಬಂಧಿಸಿದ್ದು."

ಎಕ್ಸ್‌ರೇಯಾಕೆ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೊರಗೆ ಬೆರಳುಗಳ ಸಾಲು ಉದ್ದವಾಗಿತ್ತು. ಒಳಗೆ ಹೋದಳು.

ಚಾಲಕನಿಗೆ ಪ್ರಮಾಣಪತ್ರ ಸಿಕ್ಕಿತು, ಕೆಲಸ ಉಳಿಯಿತು. ಸಾರಿಗೆ ಇಲಾಖೆ ಅವನ ಬಸ್ಸಿಗೆ ಎಡ ತಿರುವುಗಳು ಮಾತ್ರ ಇರುವ ಮಾರ್ಗ ಗೊತ್ತುಮಾಡಿತು. ಬಲಗಡೆ ಇರುವ ಮಾರುಕಟ್ಟೆಗೆ ಹೋಗಬೇಕಾದವರು ಈಗ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ಸುತ್ತಿ ತಲುಪುತ್ತಾರೆ. ಮೊದಮೊದಲು ಗೊಣಗಿದರು. ಈಗ ಯಾವುದಾದರೂ ಬಸ್ಸು ನೇರವಾಗಿ ಬಲಕ್ಕೆ ತಿರುಗಿದ್ದು ಕಂಡರೆ ಕಿಟಕಿಯಿಂದ ಇಣುಕಿ ನೋಡಿ, "ಇವನಿಗ್ಯಾಕೆ ಇಷ್ಟು ಅವಸರ," ಅನ್ನುತ್ತಾರೆ.