ಒಬ್ಬರಿಗೆ ಎರಡೇ

ವಾರದಲ್ಲಿ ಒಂದೂವರೆ ಗಂಟೆ, ಶುಕ್ರವಾರ ಬೆಳಿಗ್ಗೆ ಏಳರಿಂದ ಎಂಟೂವರೆಯ ತನಕ, ನನ್ನ ಸೋದರಮಾವನಿಗೆ ನಾನು ಯಾರೆಂದೇ ಗೊತ್ತಿರುವುದಿಲ್ಲ. ನನ್ನ ಗಂಡನೂ ಗೊತ್ತಿರುವುದಿಲ್ಲ. ತೊಡೆಯ ಮೇಲೆ ಕೂರಿಸಿ ಆಡಿಸಿದ ನನ್ನ ಒಂಬತ್ತು ವರ್ಷದ ಮಗಳೂ ಗೊತ್ತಿರುವುದಿಲ್ಲ. ಪಾಪ, ಮರೆವಿನ ಕಾಯಿಲೆ ಅಂದುಕೊಂಡಿರಾ? ಛೆ ಛೆ! ಮೂರು ವರ್ಷದ ಹಿಂದೆ ಕಡಲೆಬೇಳೆಗೆ ಎಷ್ಟಿತ್ತು ಎಂದು ದಿನಾರಿನ ಚಿಲ್ಲರೆ ಫಿಲ್ಸ್ ಸಮೇತ ಹೇಳುವ ಮನುಷ್ಯ ಅವರು. ತಲೆಗೆ ಏನೂ ಆಗಿಲ್ಲ. ಕುವೈತಿನ ಅಗ್ಗದ ಸೂಪರ್ ಮಾರ್ಕೆಟುಗಳಲ್ಲಿ ಆಫರಿನ ಸಾಮಾನಿನ ಮೇಲೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಬೋರ್ಡು ನೇತು ಹಾಕಿರುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ‘ಒಬ್ಬರಿಗೆ ಎರಡೇ’. ಎಲ್ಲ ಆ ಬೋರ್ಡಿನಿಂದಾದದ್ದು.

ಅಡುಗೆ ಎಣ್ಣೆಯೋ ಹಾಲಿನ ಪುಡಿಯೋ ಆಫರಿಗೆ ಬಂತು ಅನ್ನಿ. ಒಬ್ಬ ಗಿರಾಕಿಗೆ ಎರಡರ ಮೇಲೆ ಕೊಡುವುದಿಲ್ಲ. ಬೇರೆಯವರು ಎರಡು ತೆಗೆದುಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ನಮ್ಮ ಮಾವ ಆ ಬೋರ್ಡಿನ ಕೆಳಗೆ ನಿಂತು ವಕೀಲರ ಹಾಗೆ ಯೋಚನೆ ಮಾಡಿದರು.

“ಒಬ್ಬರಿಗೆ ಎರಡು ಅಂದ್ರೆ ನಾಲ್ಕು ಜನಕ್ಕೆ ಎಂಟು ಆಯ್ತಲ್ಲ ಮಗಾ. ಆದ್ರೆ ಒಟ್ಟಿಗೆ ಹೋದ್ರೆ ಇವರು ಒಂದೇ ಫ್ಯಾಮಿಲಿ ಅಂತ ಎರಡೇ ಕೊಡ್ತಾರೆ. ಹಾಗಾಗಿ ನಾವು ಯಾರಿಗೆ ಯಾರೂ ಅಲ್ಲ. ಗೊತ್ತಾಯ್ತಾ?”

“ಮಗುವಿಗೂ ಲೆಕ್ಕ ಉಂಟಾ ಮಾವ?”

“ಯಾಕೆ, ಮಗು ಎಣ್ಣೆ ತಿನ್ನೂದಿಲ್ವಾ?”

ಅಂದಿನಿಂದ ಶುರುವಾಯಿತು ನಮ್ಮ ನಾಟಕ. ಕಾರನ್ನು ಅಂಗಡಿಯ ಹಿಂದೆ ನಿಲ್ಲಿಸಬೇಕು. ಐದೈದು ನಿಮಿಷ ಬಿಟ್ಟು ಒಬ್ಬೊಬ್ಬರೇ ಒಳಗೆ ಹೋಗಬೇಕು. ನಾಲ್ಕು ಜನ ನಾಲ್ಕು ಕೌಂಟರ್. ಎದುರು ಸಿಕ್ಕರೆ ನೋಡಬಾರದು, ನಗಬಾರದು. ತೀರಾ ಅಗತ್ಯ ಬಿದ್ದರೆ ‘ಎಕ್ಸ್‌ಕ್ಯೂಸ್ ಮಿ, ಮ್ಯಾಡಂ’ ಅನ್ನಬಹುದು, ಅಷ್ಟೇ! ಇದರಲ್ಲಿ ನನ್ನ ಮಗಳಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಮಾವ ಎದುರು ಬಂದರೆ ಸೀಲಿಂಗ್ ನೋಡಿಕೊಂಡು ಹೋಗುತ್ತಾಳೆ, ಅಷ್ಟು ಗತ್ತು.

ಹಾಗಂತ ಈ ನಾಟಕ ಒಮ್ಮೆಯೂ ಕೆಡಲಿಲ್ಲ ಎಂದಲ್ಲ. ಕೆಡಿಸಿದವರು ಯಾರು ಎನ್ನುತ್ತೀರಿ? ಮಾವನೇ! ಒಂದು ಶುಕ್ರವಾರ ನನ್ನ ಗಂಡ ತನ್ನ ಕೌಂಟರಿನಲ್ಲಿ ನಿಂತು ನಾಲ್ಕು ಸಲ ಸೀನಿದರು. ಪಕ್ಕದ ಸಾಲಿನಿಂದ ಮಾವನ ಸ್ವರ, “ಅಯ್ಯೋ, ನಿನ್ನೆಯ ಮದ್ದು ತಗೊಳ್ಳಲಿಲ್ವಾ ನೀವು?” ಕೌಂಟರಿನ ಹುಡುಗಿ ಒಮ್ಮೆ ಇವರನ್ನು ನೋಡಿದಳು, ಒಮ್ಮೆ ಅವರನ್ನು ನೋಡಿದಳು, ಎರಡು ಬಾಟ್ಲಿ ತೆಗೆದು ಹಿಂದಿಟ್ಟಳು. ದಾರಿಯುದ್ದಕ್ಕೂ ಬೈಗುಳ ಸಿಕ್ಕಿದ್ದು ನನ್ನ ಗಂಡನಿಗೆ. “ಸೀನು ಬಂದ್ರೆ ತಡ್ಕೊಳ್ಳಿಕ್ಕೆ ಆಗೂದಿಲ್ವಾ?”

ಇಷ್ಟೆಲ್ಲ ಎಣ್ಣೆ ಒಬ್ಬ ಮನುಷ್ಯನಿಗೆ ಯಾಕೆ? ನಾನೂ ಕೇಳಿದ್ದೇನೆ. ಮಾವ ಅಬ್ಬಾಸಿಯಾದಲ್ಲಿ ಮೂರು ಜನರ ಜೊತೆ ಒಂದು ರೂಮಿನಲ್ಲಿದ್ದಾರೆ. ಸಬ್ಹಾನಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರ್, ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ನೀಲಿ ಯೂನಿಫಾರ್ಮ್. ಕುವೈತಿನಲ್ಲಿ ಎಣ್ಣೆ ನೆಲದಡಿಯಲ್ಲಿದೆ ಎಂದು ಶಾಲೆಯಲ್ಲಿ ಓದಿದ್ದೆ. ಮಂಚದಡಿಯಲ್ಲೂ ಇದೆ ಎಂದು ಅವರ ರೂಮಿಗೆ ಹೋದ ದಿನ ಗೊತ್ತಾಯಿತು! ಬಾಟ್ಲಿಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಊರಿನಿಂದ ಹೊಸದಾಗಿ ಬಂದವನಿಗೆ ಎರಡು, ಸಂಬಳ ತಡವಾದವನಿಗೆ ಎರಡು, ನಮ್ಮ ಮನೆಗೆ ನಾಲ್ಕು. ಅವರು ಹಂಚುವಾಗಲೂ ಒಬ್ಬರಿಗೆ ಎರಡೇ, ನಾನು ಮಾತ್ರ ಅದಕ್ಕೆ ಹೊರತು. ನನ್ನ ಬಿ.ಕಾಂ. ಡಿಗ್ರಿ ಇಡಿಯಾಗಿ ಡಿಸ್ಕೌಂಟಿನಲ್ಲಿ ಬಂದದ್ದು ಎಂದು ಅವರು ಆಗಾಗ ಹೇಳುವುದುಂಟು. ಅಮ್ಮನಿಗೆ ಅವರು ಒಬ್ಬರೇ ತಮ್ಮ. ನನ್ನ ಫೀಸು ಅಬ್ಬಾಸಿಯಾದ ಆ ರೂಮಿನಿಂದಲೇ ಬರುತ್ತಿತ್ತು.

ಅಗ್ಗದ ಅಂಗಡಿಯೋ, ದುಬಾರಿ ಅಂಗಡಿಯೋ? ನಮ್ಮ ಮನೆಯಲ್ಲಿ ಈ ವಾದ ಮುಗಿದದ್ದೇ ಇಲ್ಲ. ನಾನು ದುಬಾರಿಯ ಕಡೆ. ನಮ್ಮ ಖೈತಾನಿನ ಫ್ಲಾಟಿನಿಂದ ಹತ್ತು ನಿಮಿಷದ ದಾರಿಯಲ್ಲಿ ಅಂಥದ್ದೊಂದು ಇದೆ. ಒಳಗೆ ಹೋದ ಕೂಡಲೇ ಬ್ರೆಡ್ಡಿನ ಪರಿಮಳ, ಮೆಲ್ಲಗೆ ಹಾಡು, ಸೊಪ್ಪಿನ ಮೇಲೆ ಹನಿ ಹನಿ ನೀರು. ಮಾವನಿಗೆ ಇದೊಂದೂ ಹಿಡಿಸುವುದಿಲ್ಲ.

“ಸೊಪ್ಪಿಗೆ ಅಂಗಡಿಯಲ್ಲಿ ಎಂತಕ್ಕೆ ಸ್ನಾನ? ಮನೆಗೆ ತಂದು ನಾವು ತೊಳೆಯೂದಿಲ್ವಾ? ಮತ್ತೆ ಆ ಹಾಡಿನ ಚಾರ್ಜ್ ಎಲ್ಲಿ ಬೀಳ್ತದೆ ಹೇಳು? ನಿನ್ನ ಟೊಮೆಟೊ ಮೇಲೆ!”

“ಅಲ್ಲಿ ಸಾಮಾನು ಫ್ರೆಶ್ ಇರ್ತದೆ ಮಾವ.”

“ಫ್ರೆಶ್ ಇರ್ಲಿ. ನೀನು ತಂದು ಎಂಟು ದಿನ ಫ್ರಿಜ್ಜಲ್ಲಿ ಇಡ್ತೀಯಲ್ಲ, ಆಗ?”

ಆದರೆ ಮಾವನ ಅಗ್ಗವೂ ಕೈ ಕೊಟ್ಟದ್ದುಂಟು. ಒಮ್ಮೆ ಮೊಸರು ನೆಲಕ್ಕೆ ಬಿದ್ದ ಬೆಲೆಗೆ ಸಿಕ್ಕಿತೆಂದು ದೊಡ್ಡ ದೊಡ್ಡ ಏಳು ಬಕೆಟ್ ಹೊತ್ತು ತಂದರು. ಡೇಟು ನೋಡಿದರೆ ಇನ್ನು ಮೂರೇ ದಿನ! ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಮಜ್ಜಿಗೆಹುಳಿ, ಸಂಜೆ ತಂಬುಳಿ, ರಾತ್ರಿ ಮೊಸರನ್ನ. ಮೂರನೆಯ ದಿನ ನನ್ನ ಗಂಡ ಮಾತಾಡದೆ ಒಂದು ಬಕೆಟ್ ತೆಗೆದುಕೊಂಡು ಬಾತ್‌ರೂಮಿಗೆ ಹೋಗಿ ತಲೆಗೆ ಮೆತ್ತಿಕೊಂಡು ಬಂದರು. ಮಾವ ಮೂಸಿ ನೋಡಿ, “ನೋಡಿ, ಶಾಂಪೂವಿನ ಖರ್ಚೂ ಉಳೀತು” ಎಂದರು.

ಈಗ ನನ್ನ ಗುಟ್ಟೊಂದು ಹೇಳಿಬಿಡುತ್ತೇನೆ. ಬಾಯಿಯಲ್ಲಿ ದುಬಾರಿ ಅಂಗಡಿ ಅಂದರೂ ತಿಂಗಳ ಸಾಮಾನು ಬರುವುದು ಮಾವನ ಅಂಗಡಿಯಿಂದಲೇ. ನಮ್ಮ ಸಂಬಳಕ್ಕೆ ಬೇರೆ ದಾರಿ ಎಲ್ಲಿದೆ? ಆದರೆ ಆ ಅಂಗಡಿಯ ಹಳದಿ ಪ್ಲಾಸ್ಟಿಕ್ ಚೀಲವನ್ನು ಲಿಫ್ಟಿನಲ್ಲಿ ಹಿಡಿದುಕೊಂಡು ನಿಂತರೆ ನನಗೆ ಮರ್ಯಾದೆ ಹೋದ ಹಾಗೆ. ಅದಕ್ಕೆ ದುಬಾರಿ ಅಂಗಡಿಯ ಒಂದು ಬಟ್ಟೆ ಚೀಲ ಕೊಂಡು ಕಾರಿನಲ್ಲಿ ಇಟ್ಟಿದ್ದೇನೆ. ಪಾರ್ಕಿಂಗಿನಲ್ಲಿ ನಿಂತು ಹಳದಿ ಚೀಲದಿಂದ ಬಟ್ಟೆ ಚೀಲಕ್ಕೆ ಎಲ್ಲವನ್ನೂ ದಾಟಿಸಿ, ಮೇಲೆ ಕಾಣುವ ಹಾಗೆ ಒಂದು ಕಟ್ಟು ಸೊಪ್ಪು ಇಟ್ಟು ಲಿಫ್ಟ್ ಹತ್ತುತ್ತೇನೆ. ಹುಚ್ಚು ಯಾರಿಗೆ ಜಾಸ್ತಿ, ಮಾವನಿಗೋ ನನಗೋ, ನೀವೇ ಹೇಳಿ.

ಇಲ್ಲಿಯ ತನಕದ್ದು ನಗುವ ಕತೆ. ಮುಂದಿನದ್ದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಹೋದ ವಾರ ಮಗಳ ಹುಟ್ಟುಹಬ್ಬ ಗುರುವಾರ ಬಂದಿತ್ತು. ನಾನು ಒಂದು ಕ್ಲಿನಿಕ್ಕಿನ ಆಫೀಸಿನಲ್ಲಿದ್ದೇನೆ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿಗೇ ಬಂದಿದ್ದಳು. ನಮ್ಮ ಮ್ಯಾನೇಜರ್ ಮೇಡಂ ಬಹಳ ನಾಜೂಕಿನ ಹೆಂಗಸು. “ಬಾ, ನಾನು ಡ್ರಾಪ್ ಮಾಡ್ತೇನೆ, ದಾರಿಯಲ್ಲಿ ಮಗುವಿಗೆ ಕೇಕ್ ತಗೊಳ್ಳೋಣ” ಎಂದು ಇಂಗ್ಲಿಷಿನಲ್ಲಿ ಹೇಳಿ ನಮ್ಮಿಬ್ಬರನ್ನೂ ಅದೇ ದುಬಾರಿ ಅಂಗಡಿಗೆ ಕರೆದುಕೊಂಡು ಹೋದರು. ಒಳಗೆ ನಡೆಯುತ್ತಾ ಆ ಅಗ್ಗದ ಅಂಗಡಿಗಳ ಮಾತು ಬಂತು. ಅಲ್ಲಿಂದ ತಂದು ಜನ ಹೇಗೆ ತಿನ್ನುತ್ತಾರೋ ಎಂದರು ಮೇಡಂ. ನಾನು “ಯೆಸ್ ಮೇಡಂ, ಯೆಸ್” ಎಂದೆ. ಬೆಳಿಗ್ಗೆ ತಿಂದ ಉಪ್ಪಿಟ್ಟಿನ ರವೆ ಎಲ್ಲಿಯದು ಎಂದು ನನ್ನ ಹೊಟ್ಟೆಗೆ ಗೊತ್ತಿತ್ತು.

ಆಗಲೇ ಹಣ್ಣಿನ ಕಡೆಯಿಂದ ಗುರುತಿನ ಸ್ವರ ಕೇಳಿಸಿತು. “ಭಾಯಿ, ಇಸ್ಮೇ ಆಫರ್ ಕಬ್ ಆತಾ ಹೈ?” ಇದಕ್ಕೆ ಆಫರ್ ಯಾವಾಗ?

ಮಾವ! ಜನ್ಮದಲ್ಲಿ ಆ ಅಂಗಡಿಯ ಬಾಗಿಲು ತುಳಿಯದ ಮಾವ! ಮೈಮೇಲೆ ಸಬ್ಹಾನಿನ ಧೂಳು ಹೊತ್ತ ನೀಲಿ ಯೂನಿಫಾರ್ಮ್, ಕೈಯಲ್ಲಿ ಹಳದಿ ಚೀಲ, ಕನ್ನಡಕ ಹಣೆಯ ಮೇಲೆ. ಸ್ಟ್ರಾಬೆರಿಯ ಒಂದು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನಾಲ್ಕೂ ಮಗ್ಗುಲು ತಿರುಗಿಸಿ ನೋಡುತ್ತಿದ್ದರು. ನನ್ನ ಮಗಳಿಗೆ ಸ್ಟ್ರಾಬೆರಿ ಅಂದರೆ ಪ್ರಾಣ.

ತಲೆಯೆತ್ತಿದವರು ನಮ್ಮನ್ನು ಕಂಡರು. ಮುಖವಿಡೀ ಅರಳಿತು. ಕೈ ಮೇಲೆದ್ದಿತು.

ನಾನು ಮುಖ ತಿರುಗಿಸಿದೆ. ಅಂದು ಶುಕ್ರವಾರ ಅಲ್ಲ. ಅಲ್ಲಿ ಬೋರ್ಡೂ ಇರಲಿಲ್ಲ. ಎದುರಿಗಿದ್ದ ಆಲಿವ್ ಎಣ್ಣೆಯ ಬಾಟ್ಲಿಯನ್ನು ಎತ್ತಿಕೊಂಡು ಅದರ ಮೇಲೆ ಬರೆದದ್ದನ್ನು ಓದತೊಡಗಿದೆ. ಅದು ಪೂರ್ತಿ ಅರಬ್ಬಿಯಲ್ಲಿತ್ತು. ನನಗೆ ಅರಬ್ಬಿ ಓದಲು ಬರುವುದಿಲ್ಲ.

ಓರೆಗಣ್ಣಿನಲ್ಲಿ ಕಂಡಿತು, ಎದ್ದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ತಲೆ ತುರಿಸಿಕೊಂಡಿತು. ಬಿಲ್ಲಿನ ಕೌಂಟರಿಗೆ ಹೋಗಲು ಅವರಿಗೆ ನಮ್ಮನ್ನು ದಾಟಿಯೇ ಹೋಗಬೇಕಿತ್ತು. ಹತ್ತಿರ ಬಂದು ನೆಲ ನೋಡುತ್ತಾ ನನಗೆ ಹೇಳಿದರು, “ಎಕ್ಸ್‌ಕ್ಯೂಸ್ ಮಿ, ಮ್ಯಾಡಂ.”

ನಾನು ದಾರಿ ಬಿಟ್ಟೆ. ಮಾವ ಕಲಿಸಿದ ಪಾಠದಂತೆ ಮಗಳು ಸೀಲಿಂಗ್ ನೋಡುತ್ತಿದ್ದಳು. ಮಾವ ಎರಡು ಹೆಜ್ಜೆ ಮುಂದೆ ಹೋದ ಮೇಲೆ ಮೇಡಂ ಮೂಗು ಸ್ವಲ್ಪ ಮೇಲೆ ಮಾಡಿ, ಈಗ ಇಲ್ಲಿಗೂ ಎಂಥೆಂಥವರು ಬರುತ್ತಾರೆ ನೋಡು ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ನಕ್ಕೆ. ಇದೊಂದನ್ನು ಬರೆಯದೆ ಬಿಟ್ಟಿದ್ದರೆ ನಿಮಗೆ ತಿಳಿಯುತ್ತಿರಲಿಲ್ಲ. ಆದರೆ ನಕ್ಕದ್ದು ನಿಜ.

ಸಂಜೆ ಮಾವ ಮನೆಗೆ ಬಂದರು. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಶರ್ಟು ಹಾಕಿಕೊಂಡು, ಎರಡು ಬಸ್ ಬದಲಿಸಿ ಬಂದಿದ್ದರು. ಮಗಳ ಕೈಗೆ ಸ್ಟ್ರಾಬೆರಿ ಡಬ್ಬಿ ಕೊಟ್ಟರು. ಏನು ತಂದರೂ ಮೊದಲು ಬೆಲೆಯ ಚೀಟಿ ತೋರಿಸಿ ‘ಎಷ್ಟಿರಬಹುದು ಹೇಳು’ ಎಂದು ಎಲ್ಲರನ್ನೂ ಕಾಡುವ ಮನುಷ್ಯ. ಅಂದು ಡಬ್ಬಿಯ ಮೇಲೆ ಚೀಟಿ ಇರಲಿಲ್ಲ. ಉಗುರಿನಲ್ಲಿ ಕೆರೆದು ತೆಗೆದ ಗುರುತು ಮಾತ್ರ ಇತ್ತು.

“ಅಜ್ಜಾ, ಐ ಡಿಡಂಟ್ ಲುಕ್ ಅಟ್ ಯು ಈವನ್ ಒನ್ಸ್!” ಎಂದಳು ಮಗಳು, ಒಮ್ಮೆಯೂ ನೋಡಲಿಲ್ಲವೆಂದು ಬೀಗುತ್ತಾ.

“ಭಾರಿ ಲಾಯ್ಕ ಮಾಡಿದೆ ಮಗಾ. ನಿನ್ನಷ್ಟು ಯಾರೂ ಮಾಡ್ಲಿಲ್ಲ.”

“ಬಟ್ ಅಜ್ಜಾ, ವಾಟ್ ವಾಸ್ ದ ಆಫರ್ ದೇರ್?”

ಅಲ್ಲಿ ಎಂಥ ಆಫರ್ ಇತ್ತು? ನಾನು ಚಹಾದ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತೇನೆ ಅನ್ನಿಸಿತು. ನನ್ನ ಗಂಡ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಮಾವ ಮಾತ್ರ ನನ್ನ ಕಡೆ ತಿರುಗಲಿಲ್ಲ.

“ಆಫರ್ ಎಂತದೂ ಇರ್ಲಿಲ್ಲ ಮಗಾ. ನಾಳೆ ಶುಕ್ರವಾರ ಅಲ್ವಾ? ಅಮ್ಮನಿಗೆ ಸ್ವಲ್ಪ ಪ್ರಾಕ್ಟೀಸ್ ಬೇಕಿತ್ತು.”

ನಾನು ಲೋಟ ಮುಂದಿಟ್ಟು, “ಮಾವಾ, ಅದು ಇವತ್ತು ನಾನು…” ಎಂದೆ. ಅವರು ಒಂದು ಗುಟುಕು ಕುಡಿದು, “ಚಾ ಲಾಯ್ಕುಂಟು. ನಾಳೆ ಏಳಕ್ಕೆ ಸರಿಯಾಗಿ ಬನ್ನಿ, ಸೂರ್ಯಕಾಂತಿ ಎಣ್ಣೆ ಉಂಟು” ಎಂದು ಮಾತು ಮುಗಿಸಿಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೀನಿದ್ದಕ್ಕೆ ಅಷ್ಟು ಬೈದವರು ಇದಕ್ಕೆ ಒಂದು ಮಾತು ಆಡಲಿಲ್ಲ. ಅಂದು ನನಗೆ ಊಟ ಸೇರಲಿಲ್ಲ. ಫ್ರಿಜ್ಜಿನಲ್ಲಿ ಮೇಡಂ ಕೊಡಿಸಿದ ಕೇಕ್ ಇತ್ತು, ಅದನ್ನೂ ಮುಟ್ಟಲಿಲ್ಲ.

ಮಾರನೆಯ ದಿನ ಏಳಕ್ಕೆ ಎಲ್ಲ ಯಥಾಪ್ರಕಾರ. ಐದೈದು ನಿಮಿಷ ಬಿಟ್ಟು ಒಳಗೆ ಹೋದೆವು. ಮಗಳು ಎರಡು ಬಾಟ್ಲಿ ಅಪ್ಪಿಕೊಂಡು ಒಂದು ಕೌಂಟರ್, ಗಂಡ ಇನ್ನೊಂದು, ಮಾವ ಮೂರನೆಯದು. ನನ್ನ ಪಾಲಿಗೆ ನಾಲ್ಕನೆಯದು. ನಾನು ಅಲ್ಲಿಗೆ ಹೋಗಲಿಲ್ಲ. ಸೀದಾ ಹೋಗಿ ಮಾವನ ಬೆನ್ನ ಹಿಂದೆಯೇ ನಿಂತೆ, ಅವರ ಶರ್ಟಿಗೆ ನನ್ನ ಟ್ರಾಲಿ ತಾಗುವಷ್ಟು ಹತ್ತಿರ.

ಮಾವ ಹಿಂದೆ ತಿರುಗದೆ ಮೀಸೆಯಡಿಯಲ್ಲೇ ಗುನುಗಿದರು, “ಆ ಕೌಂಟರಿಗೆ ಹೋಗು ಮಾರಾಯ್ತಿ. ಈ ಹುಡುಗಿಗೆ ಮೊದಲೇ ಡೌಟ್ ಉಂಟು.”

ಡೌಟ್ ಇದ್ದದ್ದು ಹೌದು. ಸೀನಿನ ದಿನ ಕುಳಿತಿದ್ದ ಅದೇ ಹುಡುಗಿ. ನಮ್ಮಿಬ್ಬರನ್ನೂ ನೋಡಿ ಕೇಳಿದಳು, “ಸಾಥ್ ಮೇ ಹೈ ಕ್ಯಾ?” ಒಟ್ಟಿಗೆ ಬಂದವರಾ?

“ಕೌನ್? ನಹೀ ನಹೀ! ಮೈ ಇನ್ಕೋ ದೇಖಾ ಭೀ ನಹೀ!” ಎಂದರು ಮಾವ. ಈ ಹೆಂಗಸನ್ನು ಕಂಡೇ ಇಲ್ಲವಂತೆ!

“ಸಾಥ್ ಮೇ ಹೈ,” ಎಂದೆ ನಾನು. ನನ್ನ ಸ್ವರ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. “ಯೇ ಮೇರೇ ಮಾಮಾ ಹೈ. ವಹ್ ಮೇರಾ ಪತಿ ಹೈ. ವಹ್ ಮೇರೀ ಬೇಟೀ ಹೈ. ಹಮ್ ಸಬ್ ಸಾಥ್ ಮೇ ಹೈ.” ಮಾವ, ಗಂಡ, ಮಗಳು, ನಾವೆಲ್ಲ ಒಟ್ಟಿಗೆ.

“ಮಮ್ಮೀ!” ಎಂದು ಎರಡು ಕೌಂಟರ್ ಆಚೆಯಿಂದ ಮಗಳು ಚೀರಿದಳು. ಗಂಡ ಹಣೆ ಹಣೆ ಚಚ್ಚಿಕೊಂಡರು. ಹುಡುಗಿ ಎಲ್ಲ ಬಾಟ್ಲಿಗಳನ್ನು ಒಂದೆಡೆ ತರಿಸಿ, ಆರನ್ನು ಹಿಂದಿಟ್ಟು ಎರಡನ್ನು ಮಾವನ ಮುಂದೆ ತಳ್ಳಿದಳು. ಒಂದು ಫ್ಯಾಮಿಲಿ, ಎರಡೇ.

“ಆರು ಬಾಟ್ಲಿ! ಆರು ಬಾಟ್ಲಿ ಹೋಯ್ತಲ್ಲ ಮಾರಾಯ್ತಿ! ನಿಂಗೆ ತಲೆ ಸರಿ ಉಂಟಾ? ಇಷ್ಟು ವರ್ಷದ್ದೆಲ್ಲ ನೀರು ಪಾಲು ಮಾಡಿದೆಯಲ್ಲ!” ಎಂದು ಬೈದರು, ಬೈದರು, ಹೊಟ್ಟೆ ತುಂಬ ಬೈದರು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ನಿನ್ನೆಯಿಂದ ಕಾಯುತ್ತಿದ್ದ ಬೈಗುಳ ಅದು. ನಡುವೆ ಒಮ್ಮೆ ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು, ಕೌಂಟರಿನ ಹುಡುಗಿಗೆ ತಮ್ಮ ಹರಕು ಹಿಂದಿಯಲ್ಲಿ ಹೇಳಿದರು, “ಮೇರಾ ಅಕ್ಕಾ ಕಾ ಬೇಟೀ. ಬಡಾ ಕ್ಲಿನಿಕ್ ಮೇ ಆಫೀಸರ್ ಹೈ.” ಹೇಳಿ ಮುಗಿಸಿ ಮತ್ತೆ ನನ್ನ ಕಡೆ ತಿರುಗಿ ಬೈಗುಳ ಮುಂದುವರಿಸಿದರು.

ಎರಡು ಬಾಟ್ಲಿಯ ಹಳದಿ ಚೀಲವನ್ನು ನಾನು ಹಿಡಿದುಕೊಂಡೆ. ಬಾಗಿಲಲ್ಲಿ ಬಿಲ್ ನೋಡುವ ಸೆಕ್ಯೂರಿಟಿಯವನು ನಮ್ಮನ್ನು ಏನೂ ಕೇಳಿರಲಿಲ್ಲ. ಮಾವನೇ ಅವನೆದುರು ನಿಂತು, ನನ್ನ ಕಡೆ ಕೈ ತೋರಿಸಿ ಹೇಳಿದರು, “ಸಾಥ್ ಮೇ ಹೈ.”